ಕಿವಿಹರುಕಿಗೆ ಎಷ್ಟು ಹೆಜ್ಜೆ

ಫೆಬ್ರವರಿ 9, ಭಾನುವಾರ

ಮಗಳು ಹೋಗಿ ಇವತ್ತಿಗೆ ಮೂವತ್ತೇಳು ದಿನ. ನಾನು ಬರೆಯುವವನಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಷೀನಿಗೆ ಕೂತವನು. ಈ ನೋಟ್‌ಬುಕ್ಕೂ ಗಿರಾಕಿಗಳ ಅಳತೆ ಬರೆಯಲು ತಂದದ್ದೇ. ಮೊದಲ ನಾಲ್ಕು ಹಾಳೆಯಲ್ಲಿ ಯಾರ್ಯಾರದೋ ಎದೆ, ಸೊಂಟ, ತೋಳು ಇವೆ. ಐದನೆಯ ಹಾಳೆಯಿಂದ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಾತಿಲ್ಲ, ಅದಕ್ಕೇ ಇರಬೇಕು.

ಇವಳು, ನನ್ನ ಹೆಂಡತಿ, ಇವತ್ತು ಮಗಳ ಕೋಣೆಯ ಬಾಗಿಲು ತೆಗೆದಳು. ಗುಡಿಸಿ, ಒರೆಸಿ, ಯಾವುದರ ಜಾಗವನ್ನೂ ಬದಲಿಸದೆ ಹೊರಗೆ ಬಂದಳು. ಆಮೇಲೆ ನಾನು ಹೋದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಹಸಿರು ಜಾಕೆಟ್, ಅದರ ಕೆಳಗೆ ಕ್ಯಾಮೆರಾ ಚೀಲ, ಚೀಲದೊಳಗೆ ನೀಲಿ ರಟ್ಟಿನ ನೋಟ್‌ಬುಕ್.

ಮೂರು ವರ್ಷ ಅವಳು ದಿನಾ ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಹತ್ತಿ ಕಾಡಿಗೆ ಹೋಗುತ್ತಿದ್ದಳು, ಜಿಂಕೆಯ ಫೋಟೋ ತೆಗೆಯಲು. ವಾಪಸ್ ಬಂದು ಔಷಧಿ ಅಂಗಡಿಯ ಕೆಲಸಕ್ಕೆ ಓಡುತ್ತಿದ್ದಳು. ದೂರದಿಂದ ತೆಗೆಯುವ ಉದ್ದನೆಯ ಲೆನ್ಸ್ ಅವಳ ಹತ್ತಿರ ಇರಲಿಲ್ಲ. ಹಾಗಾಗಿ ಹತ್ತಿರ ಹೋಗಲೇಬೇಕು. ಒಂದೇ ಜಿಂಕೆಯ ಹಿಂದೆ ಬಿದ್ದಿದ್ದಳು. ಎಡಗಿವಿ ತುದಿಯಿಂದ ಬುಡದ ತನಕ ಸೀಳಿದ ಒಂದು ಹೆಣ್ಣು ಜಿಂಕೆ. ಕಿವಿಹರುಕಿ ಅಂತ ಹೆಸರಿಟ್ಟಿದ್ದಳು. ಊಟಕ್ಕೆ ಕೂತಾಗ ಹೇಳೋಳು, "ಅಪ್ಪಾ, ಇವತ್ತು ಮೂವತ್ತು ಹೆಜ್ಜೆ!" ನಾನು ಹೂಂ ಅನ್ನುತ್ತಿದ್ದೆ.

"ಒಂದಿನ ಬಾಪ್ಪಾ ನನ್ ಜೊತೆ."

"ಈ ಕೋಟು ಮುಗೀಲಿ, ಬರ್ತೀನಿ."

"ನಿನ್ನ ಕೋಟು ಮುಗಿಯೋದ್ರೊಳಗೆ ಕಿವಿಹರುಕಿಗೆ ಮೊಮ್ಮಕ್ಕಳಾಗಿರ್ತವೆ."

ನೋಟ್‌ಬುಕ್ ಬಿಚ್ಚಿದೆ. ಪ್ರತಿ ಹಾಳೆಯ ಮೇಲೆ ತಾರೀಕು, ಎಡಗಡೆ ಪೆನ್ಸಿಲಿನಲ್ಲಿ ಸಣ್ಣಕ್ಷರದ ಬರಹ, ಬಲಗಡೆ ಗೆರೆ ಎಳೆದು ಒಂದು ಅಂಕಿ. ಅವಳಿಗೂ ಜಿಂಕೆಗೂ ನಡುವೆ ಎಷ್ಟು ಹೆಜ್ಜೆ ಅನ್ನುವ ಲೆಕ್ಕ ಅದು. ಅವಳ ಅಕ್ಷರ ನೋಡಲು ನನ್ನಿಂದ ಆಗಲಿಲ್ಲ. ಅಕ್ಷರದ ಬಾಲಗಳನ್ನೆಲ್ಲ ಸುತ್ತಿ ಸುತ್ತಿ ಬರೆಯೋಳು, ಒಂದನೇ ಕ್ಲಾಸಿನಿಂದಲೂ ಹಾಗೇ. ಅಂಕಿ ಯಾರು ಬರೆದರೂ ಅಂಕಿಯೇ. ಅಳತೆ ಪುಸ್ತಕ ನೋಡುವ ಹಾಗೆ ಬಲಗಡೆಯನ್ನಷ್ಟೇ ನೋಡುತ್ತಾ ಹೋದೆ. ನೂರ ಇಪ್ಪತ್ತು. ತೊಂಬತ್ತು. ಅರವತ್ತು. ಮೂವತ್ತು. ನವೆಂಬರಿನಲ್ಲಿ ಹದಿನೆಂಟು. ಅಲ್ಲಿಂದ ಮತ್ತೆ ಇಪ್ಪತ್ತೈದು, ನಲವತ್ತು, ಅರವತ್ತು. ಡಿಸೆಂಬರ್ 20ಕ್ಕೆ ಎಪ್ಪತ್ತು. ಅದೇ ಕೊನೆಯದು. ಮಾರನೇ ವಾರ ಜ್ವರ ಬಂತು.

ಆ ಒಂದು ತಿಂಗಳು ಅವಳಿಗೆ ಕೆಮ್ಮು ಇತ್ತು. ಕೆಮ್ಮುತ್ತಾ ಕೂತರೆ ಯಾವ ಜಿಂಕೆ ನಿಂತೀತು? ಹತ್ತು ಹೆಜ್ಜೆಯಿಂದ ಒಂದೇ ಒಂದು ಫೋಟೋ ತೆಗೀಬೇಕು ಅನ್ನೋದು ಅವಳ ಆಸೆ. ಹದಿನೆಂಟರ ತನಕ ಹೋಗಿ ಕೈಜಾರಿತು.

ನಾನು ಒಂದು ಬಟ್ಟೆಯನ್ನೂ ಅರ್ಧಕ್ಕೆ ಬಿಟ್ಟವನಲ್ಲ. ಉಳಿದ ಹೆಜ್ಜೆ ನಾನು ನಡೆಯುತ್ತೇನೆ.

ಫೆಬ್ರವರಿ 10, ಸೋಮವಾರ

ಜಿಂಕೆಗೆ ಮೊದಲು ಗೊತ್ತಾಗುವುದು ವಾಸನೆ ಅಂತ ಮಗಳು ಹೇಳಿದ್ದಳು. ಹಾಗಾಗಿ ಅವಳ ಜಾಕೆಟ್ಟನ್ನೇ ಹಾಕಿಕೊಳ್ಳಬೇಕು. ಅದು ನನಗೆ ಆಗಲಿಲ್ಲ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಬಟ್ಟೆಯ ಪಟ್ಟಿ ಕೊಟ್ಟು ಅಗಲ ಮಾಡಿದೆ. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅವಳ ಅಳತೆ ಅದೊಂದರಲ್ಲಿ ಉಳಿದಿತ್ತು. ಅದನ್ನೂ ಬಿಚ್ಚಿದ್ರಾ?"

"ತಿರುಗಿ ಹಾಕೋಕೆ ಬರುತ್ತೆ" ಅಂದೆ.

ಅವಳು ಅಡುಗೆಮನೆಗೆ ಹೋದಳು. ನಾನು ತೋಳು ಉದ್ದ ಮಾಡಲು ಕೂತೆ.

ಫೆಬ್ರವರಿ 13, ಗುರುವಾರ

ಕಾಡಿನ ಅಂಚಿನಲ್ಲಿ ಒಂದು ಗೇಟು, ಗೇಟಿನ ಪಕ್ಕ ಕಾವಲುಗಾರನ ಒಂಟಿ ಕೋಣೆ. ಅವನು ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಜಾಕೆಟ್ ಕಂಡು ಎದ್ದು ನಿಂತ. ಆಮೇಲೆ ಮುಖ ನೋಡಿದ.

"ಅವರಪ್ಪ ನಾನು" ಅಂದೆ.

"ಗೊತ್ತಾಯ್ತು ಯಜಮಾನ್ರೇ. ಮೂಗು ಅದೇ." ಬೂಟು ಬದಿಗಿಟ್ಟು ಹೇಳಿದ, "ನಮ್ಮಪ್ಪ ಟೈಲರ್ ಅಂತಿತ್ತು ನಿಮ್ ಹುಡುಗಿ. ಏನು, ಜಿಂಕೆಗೆ ಪ್ಯಾಂಟ್ ಹೊಲಿಯೋಕೆ ಬಂದ್ರಾ? ನಾಲ್ಕು ಕಾಲು, ಬಟ್ಟೆ ಜಾಸ್ತಿ ಹಿಡಿಯುತ್ತೆ."

ನನಗೆ ನಗು ಬರಲಿಲ್ಲ. ಹೇಳಿದವನಿಗೂ ಬರಲಿಲ್ಲ.

"ಅವಳು ಬಿಟ್ಟು ಹೋದ ಕೆಲಸ ಮುಗಿಸೋಣ ಅಂತ."

ಅವನು ಗೇಟು ತೆಗೆದ. "ಮುಗಿಸಿ. ಪಾಪ, ಕೊನೆಕೊನೆಗೆ ಬಹಳ ಸಂಕಟಪಟ್ಟಿತು ಅದು. ನೀವಾದ್ರೂ ಮುಂದುವರಿಸಿದ್ರೆ ಪುಣ್ಯ."

ಹುಲ್ಲಿನ ಬಯಲು ಕಾಲುದಾರಿಯ ಕೊನೆಗೆ ಇದೆ. ಅಂಚಿನಲ್ಲಿ ಬಿದ್ದ ಒಂದು ಮರ. ಅದರ ಮೇಲೆ ಒಂದು ಜಾಗದಲ್ಲಿ ಮಾತ್ರ ತೊಗಟೆ ಸವೆದು ನುಣುಪಾಗಿದೆ. ನಾನು ಅದರ ಮೇಲೆ ಕೂರಲಿಲ್ಲ. ಪಕ್ಕದಲ್ಲಿ ಕೂತೆ. ಜಿಂಕೆ ಬರಲಿಲ್ಲ.

ಫೆಬ್ರವರಿ 18, ಮಂಗಳವಾರ

ಬಂದವು. ಏಳು. ಕಿವಿಹರುಕಿ ಎಲ್ಲಕ್ಕಿಂತ ಹಿಂದೆ. ಕ್ಯಾಮೆರಾ ಎತ್ತಿ, ಸಿಕ್ಕಿದ ಹಾಗೆ ಗುಂಡಿ ಒತ್ತುತ್ತಾ ಹೋದೆ. ಅವು ಹೋದ ಮೇಲೆ ಅದು ನಿಂತಿದ್ದ ಗೊರಸಿನ ಗುರುತಿನ ತನಕ ಹೆಜ್ಜೆ ಎಣಿಸಿದೆ. ಎಪ್ಪತ್ತೆರಡು. ಮಷೀನು ತುಳಿದು ತುಳಿದು ನನ್ನ ಬಲಗಾಲು ಸೋತಿದೆ, ಹೆಜ್ಜೆ ಗಿಡ್ಡ. ಮಗಳ ಹೆಜ್ಜೆಯಲ್ಲಿ ಅರವತ್ತು ಇರಬಹುದು.

ಸಂಜೆ ಅಂಗಡಿ ಪಕ್ಕದ ಫೋಟೋ ಸ್ಟುಡಿಯೋದವನಿಗೆ ಕ್ಯಾಮೆರಾ ತೋರಿಸಿದೆ. ಒಂದೊಂದೇ ಫೋಟೋ ಸರಿಸಿ ನೋಡಿದ.

"ಅಣ್ಣಾ, ಇದರಲ್ಲಿ ಜಿಂಕೆ ಯಾವುದು, ನಿನ್ನ ಹೆಬ್ಬೆರಳು ಯಾವುದು?"

"ಹಿಂದೆ ಇರೋದು ಜಿಂಕೆ."

"ಹೆಬ್ಬೆರಳಂತೂ ಬಹಳ ಚೆನ್ನಾಗಿ ಬಂದಿದೆ."

ಆಮೇಲೆ ಸ್ಟೂಲು ಎಳೆದು ಕೂರಿಸಿ, ಹೇಗೆ ಹಿಡಿಯಬೇಕು, ಉಸಿರು ಯಾವಾಗ ಬಿಡಬೇಕು, ಎಲ್ಲಾ ಹೇಳಿಕೊಟ್ಟ. ಮಗಳಿಗೂ ಅವನೇ ಹೇಳಿಕೊಟ್ಟದ್ದಂತೆ. ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 25, ಮಂಗಳವಾರ

ನಲವತ್ತೈದು.

ಫೆಬ್ರವರಿ 28, ಶುಕ್ರವಾರ

ಮೂವತ್ತಾರು. ಅಂಗಡಿ ಹತ್ತೂವರೆಗೆ ತೆಗೆದೆ. ಒಬ್ಬ ಗಿರಾಕಿ ಕಾದು ಹೊರಟುಹೋದನಂತೆ.

ಮಾರ್ಚ್ 4, ಮಂಗಳವಾರ

ಕಿವಿಹರುಕಿಯ ಜೊತೆ ಮರಿ! ಹುಟ್ಟಿ ವಾರವೂ ಆಗಿರಲಿಕ್ಕಿಲ್ಲ. ಕಾಲುಗಳು ಇನ್ನೂ ತನ್ನವು ಅಂತ ಅದಕ್ಕೆ ಗೊತ್ತಿಲ್ಲ. ತಾಯಿ ನನ್ನನ್ನು ನೋಡುತ್ತಾ ನಿಂತಿತು, ಮರಿ ಹಾಲು ಕುಡಿಯಿತು. ಇಪ್ಪತ್ತೆಂಟು.

ಮನೆಗೆ ಬಂದು ಇವಳಿಗೆ ಹೇಳಲು ಹೋದೆ. ತಟ್ಟೆ ತೊಳೆಯುತ್ತಿದ್ದಳು. ಒಂದೇ ತಟ್ಟೆ. ನಿನ್ನೆಯ ನನ್ನ ತಟ್ಟೆ.

"ನೀನು ಊಟ ಮಾಡಲಿಲ್ವಾ ರಾತ್ರಿ?"

"ಅವಳು ಕಾಡಲ್ಲಿಲ್ಲ ರೀ" ಅಂದಳು, ನಲ್ಲಿ ನಿಲ್ಲಿಸದೆ. "ನಾನು ಮನೇಲಿದ್ದೀನಿ."

ಮರಿಯ ವಿಷಯ ಹೇಳದೆ ಅಂಗಡಿಗೆ ಬಂದೆ.

ಮಾರ್ಚ್ 8, ಶನಿವಾರ

ಇಪ್ಪತ್ತೆರಡು. ನಾಲ್ಕು ದಿನದಿಂದ ಅಲ್ಲೇ ನಿಂತಿದೆ. ಮರಿ ಇರುವುದರಿಂದ ಒಂದು ಹೆಜ್ಜೆ ಮುಂದೆ ಇಡಲು ಬಿಡುವುದಿಲ್ಲ.

ವಾಪಸ್ ಬರುವಾಗ ಕಾವಲುಗಾರ ಸಿಕ್ಕ. ಮುಖ ಸಪ್ಪೆ ಇತ್ತು. "ಹಳ್ಳದ ಆಚೆ ಗಾಡಿ ಚಕ್ರದ ಗುರುತು ಇದೆ ಯಜಮಾನ್ರೇ. ಮತ್ತೆ ಶುರುವಾಗಿದೆ. ನಾನೊಬ್ಬ, ಕಾಡು ಇಷ್ಟು. ನಿಮ್ಮ ಕೆಲಸ ಒಂಚೂರು ಬೇಗ ಮುಗಿದ್ರೆ ಒಳ್ಳೇದು."

ಗೇಟು ಮುಚ್ಚುತ್ತಾರೇನೋ. ಇನ್ನು ತಡಮಾಡುವ ಹಾಗಿಲ್ಲ.

ಮಾರ್ಚ್ 10, ಸೋಮವಾರ

ಅಡುಗೆಮನೆಯಿಂದ ಒಂದು ಹಿಡಿ ಕಲ್ಲುಪ್ಪು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಹದಿನೈದು ಹೆಜ್ಜೆ ದೂರದಲ್ಲಿ ಚಪ್ಪಟೆ ಕಲ್ಲಿನ ಮೇಲೆ ಇಟ್ಟೆ. ಪ್ರಾಣಿಗೆ ಉಪ್ಪು ಇಷ್ಟ, ಯಾರಿಗೆ ಗೊತ್ತಿಲ್ಲ. ಮಗಳಿಗೆ ಇದು ಯಾಕೆ ಹೊಳೆಯಲಿಲ್ಲವೋ.

ಮಾರ್ಚ್ 13, ಗುರುವಾರ

ಹತ್ತು.

ನನ್ನ ಹೆಜ್ಜೆಯಲ್ಲೇ ಹತ್ತು. ಉಪ್ಪಿನ ಕಲ್ಲನ್ನು ದಿನಾ ಒಂದಿಷ್ಟು ಹತ್ತಿರ ಸರಿಸಿದ್ದೆ. ಕಿವಿಹರುಕಿ ಕಲ್ಲನ್ನು ನೆಕ್ಕಿ ತಲೆ ಎತ್ತಿತು. ಕಣ್ಣಿನ ಕೆಳಗೆ ಒದ್ದೆಯ ಗೆರೆ. ಸೀಳಿದ ಕಿವಿಯ ಎರಡು ತುಂಡೂ ಬೇರೆ ಬೇರೆಯಾಗಿ ಅಲುಗಿದವು. ಅದರ ಉಸಿರು ಕೇಳಿಸಿತು ನನಗೆ. ಮರಿ ನನ್ನ ಬೂಟಿನ ಕಡೆ ಮೂಗು ಚಾಚಿತು. ನಾನು ಉಸಿರು ಬಿಟ್ಟು ಗುಂಡಿ ಒತ್ತಿದೆ. ಟಕ್ ಅಂದಿತು. ಓಡಲಿಲ್ಲ. ಮತ್ತೆ ಒತ್ತಿದೆ. ಓಡಲಿಲ್ಲ.

ಮಗಳೇ, ಮುಗಿಯಿತು ನೋಡು.

ಮಾರ್ಚ್ 14, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಬೆಳಿಗ್ಗೆ ಇವಳು ಕೇಳಿದಳು, "ಉಪ್ಪಿನ ಡಬ್ಬಿ ಯಾಕೆ ಖಾಲಿ?"

ನನಗೆ ಖುಷಿ ತಡೆಯಲಾಗಿರಲಿಲ್ಲ. ಕ್ಯಾಮೆರಾ ತಂದು ಅವಳ ಕೈಗೆ ಕೊಟ್ಟೆ. ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದುಕೊಂಡಳು. ತುಂಬಾ ಹೊತ್ತು ನೋಡಿದಳು. "ಎಷ್ಟು ಸ್ಪಷ್ಟವಾಗಿದೆ ಕಿವಿ" ಅಂದಳು. ಆಮೇಲೆ ಅವಳ ಹುಬ್ಬು ಗಂಟಾಯಿತು.

"ಇಷ್ಟು ಹತ್ತಿರ ನಿಂತಿತಾ? ಓಡಲಿಲ್ವಾ?"

"ಊಹೂಂ. ಹತ್ತೇ ಹೆಜ್ಜೆ. ಅವಳಿಗೆ ಆಗದೇ ಇದ್ದದ್ದು."

ಇವಳು ಎದ್ದು ಹೋಗಿ ನೀಲಿ ನೋಟ್‌ಬುಕ್ ತಂದಳು. "ನೀವು ಇದನ್ನ ಓದಿದೀರಿ ತಾನೇ?"

"ಅಂಕಿ ನೋಡಿದೀನಿ."

"ಎಡಗಡೆ?"

ಇಲ್ಲ ಅಂತ ತಲೆಯಾಡಿಸಿದೆ.

"ನೀವೂ ಓದಿದೀರಿ, ಅದಕ್ಕೇ ದಿನಾ ಹೋಗ್ತಿದೀರಿ ಅಂದುಕೊಂಡಿದ್ದೆ" ಅಂದಳು. ಮಷೀನಿನ ಸ್ಟೂಲಿನ ಮೇಲೆ ಕೂತು ಓದಿದಳು. ಅವಳ ದನಿ ಇಷ್ಟು ಹೊತ್ತು ಒಂದೇ ಸಮ ಕೇಳಿ ಎಷ್ಟು ದಿನವಾಗಿತ್ತೋ. ಅವಳು ಓದಿದ್ದನ್ನು ನೋಡಿಕೊಂಡು ಇಲ್ಲಿ ಇಳಿಸುತ್ತಿದ್ದೇನೆ.

"ನವೆಂಬರ್ 14. ಕಿವಿಹರುಕಿ ನನ್ನ ಮುಂದೆಯೇ ಮಲಗಿ ಮೆಲುಕು ಹಾಕಿತು. ಹದಿನೆಂಟು ಹೆಜ್ಜೆ. ಕ್ಯಾಮೆರಾ ಕೈಯಲ್ಲಿದ್ದೂ ಮರೆತೆ."

"ನವೆಂಬರ್ 17. ಕಾವಲುಗಾರಣ್ಣ ಹಳ್ಳದ ಹತ್ತಿರ ಕರೆದುಕೊಂಡು ಹೋದರು. ಕಿವಿಹರುಕಿಯ ಹೋದ ವರ್ಷದ ಮರಿ. ಗುಂಡು ಹೊಡೆದಿದ್ದಾರೆ. ಮಾಂಸ ಒಯ್ದು ತಲೆ ಬಿಟ್ಟು ಹೋಗಿದ್ದಾರೆ. ಖಾಲಿ ತೋಟಾ ಬಿದ್ದ ಜಾಗದಿಂದ ಅದು ನಿಂತಿದ್ದ ಜಾಗಕ್ಕೆ ಎಣಿಸಿದೆ. ಇಪ್ಪತ್ತು. ಓಡಿದ ಗುರುತೇ ಇಲ್ಲ. ನಾಲ್ಕೂ ಗೊರಸು ನೆಟ್ಟಗೆ ಊರಿವೆ. ನಿಂತು ನೋಡಿದೆ ಅದು, ನನ್ನನ್ನು ನೋಡುವ ಹಾಗೇ. ಮನುಷ್ಯರಿಗೆ ಹೆದರಬೇಡ ಅಂತ ಕಲಿಸಿದ್ದು ನಾನು."

"ನವೆಂಬರ್ 18. ಇವತ್ತಿಂದ ಓಡಿಸುತ್ತೇನೆ. ಚಪ್ಪಾಳೆ ಹೊಡೆದೆ. ನಿನಗೆ ಏನಾಯ್ತು ಅನ್ನುವ ಹಾಗೆ ನೋಡಿತು. ಕಲ್ಲು ಎಸೆದೆ. ಇಪ್ಪತ್ತೈದು."

ಹೀಗೇ ಪ್ರತಿ ಹಾಳೆ. ಡಬ್ಬ ಬಡಿದದ್ದು, ಕಿರುಚಿದ್ದು, ಅಟ್ಟಿಸಿಕೊಂಡು ಹೋಗಿ ಬಿದ್ದದ್ದು, ಕಿರುಚಿ ಕಿರುಚಿ ಗಂಟಲು ಹೋಗಿ ಕೆಮ್ಮು ಹತ್ತಿದ್ದು. ಕೊನೆಯ ಹಾಳೆ: "ಡಿಸೆಂಬರ್ 20. ಎಪ್ಪತ್ತು. ಇನ್ನೂ ಸಾಲದು. ಕಂಡ ಕೂಡಲೇ ಓಡಬೇಕು. ನೂರು ದಾಟಲಿ, ಆಮೇಲೆ ನಾನು ಹೋಗುವುದಿಲ್ಲ."

ಅವಳು ಬಿಚ್ಚಿದ್ದನ್ನು ನಾನು ಒಂದೊಂದೇ ಹೊಲಿಗೆ ಹಾಕಿ ಕೂರಿಸಿಬಿಟ್ಟೆ. ಉಪ್ಪು ಇಟ್ಟು.

ಮಾರ್ಚ್ 15, ಶನಿವಾರ

ಓಡಿಸಲು ಹೋದೆ. ಕಿವಿಹರುಕಿ ನನ್ನನ್ನು ಕಂಡು ಎದುರಿಗೇ ಬಂತು, ಹಿಂದೆ ಮರಿ. ಎಂಟು ಹೆಜ್ಜೆ. ಚಪ್ಪಾಳೆ ಹೊಡೆದೆ. ಕಿವಿ ಅಲುಗಿಸಿತು. ಕಲ್ಲು ಎತ್ತಿಕೊಂಡೆ, ಕೈ ಮೇಲೆ ಹೋಗಲಿಲ್ಲ. ಕೂಗಲು ಬಾಯಿ ತೆಗೆದೆ. ದನಿ ಬರಲಿಲ್ಲ. ಆಸ್ಪತ್ರೆಯಲ್ಲೂ ಬಂದಿರಲಿಲ್ಲ.

ಕಾವಲುಗಾರನಿಗೆ ಎಲ್ಲಾ ಹೇಳಿದೆ. ಮೆಟ್ಟಿಲ ಮೇಲೆ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಅಯ್ಯೋ ಯಜಮಾನ್ರೇ! ನೀವು ದಿನಾ ಓಡಿಸಿ ಬರ್ತಿದೀರಿ ಅಂತ ನಾನು ಆ ಕಡೆ ತಲೆ ಹಾಕದೆ ಹಳ್ಳದ ಕಡೆ ಕಾಯ್ತಿದ್ದೆ."

ಬೈದಿದ್ದರೆ ವಾಸಿ ಇತ್ತು. ಟೀ ಮಾಡಿ ಕೊಟ್ಟ.

ಮಾರ್ಚ್ 16, ಭಾನುವಾರ

"ನಾಳೆ ನಾನೂ ಬರ್ತೀನಿ" ಅಂದಳು ಇವಳು. "ಆ ಜಾಕೆಟ್ ಕೊಡಿ. ಅವಳ ವಾಸನೆ ಇರೋರೇ ಓಡಿಸಬೇಕು. ಬೇರೆಯವರು ಓಡಿಸಿದ್ರೆ ಬೇರೆಯವರಿಗಷ್ಟೇ ಹೆದರುತ್ತೆ."

ಜಾಕೆಟ್ ಅವಳಿಗೆ ಸರಿ ಮಾಡಬೇಕಿತ್ತು. ಟೇಪು ಹಿಡಿದು ನಿಲ್ಲಿಸಿದೆ. ನಾನು ಇವಳ ಅಳತೆ ತೆಗೆಯುವುದೇ ಇಲ್ಲ, ನೆನಪಿನಲ್ಲೇ ಹೊಲಿಯುತ್ತೇನೆ. ನೆನಪು ತಪ್ಪಿತ್ತು. ಸೊಂಟ ಮೂರು ಇಂಚು ಇಳಿದಿದೆ. ಭುಜದ ಮೂಳೆ ಟೇಪಿಗೆ ಸಿಕ್ಕಿತು. ನಾನು ಕೊಟ್ಟಿದ್ದ ಪಟ್ಟಿ ತೆಗೆದೆ, ಪಕ್ಕದ ಹೊಲಿಗೆ ಹಳೇ ತೂತಿನಲ್ಲೇ ಹಾಕಿದೆ. ತೋಳು ಅಳೆದೆ. ಇಪ್ಪತ್ತೆರಡೂವರೆ. ಮಗಳದ್ದೂ ಅಷ್ಟೇ.

"ಏನಾಯ್ತು?" ಅಂದಳು.

"ಸರಿಯಾಗಿದೆ" ಅಂದೆ.

ರಾತ್ರಿ ಇಬ್ಬರಿಗೂ ತಟ್ಟೆ ಹಾಕಿದೆ. ಅರ್ಧ ಊಟ ಮಾಡಿದಳು.

ಮಾರ್ಚ್ 17, ಸೋಮವಾರ

ಇವಳು ಚೀಲದಲ್ಲಿ ಸ್ಟೀಲ್ ತಟ್ಟೆ, ಸೌಟು ಇಟ್ಟುಕೊಂಡು ಸೈಕಲಿನ ಹಿಂದೆ ಕೂತಳು. ಬಯಲಿನ ಅಂಚಿನಲ್ಲಿ, ಮರದ ನುಣುಪಾದ ಜಾಗ ತೋರಿಸಿದೆ. ಅವಳು ನೇರ ಹೋಗಿ ಅದರ ಮೇಲೇ ಕೂತಳು.

ಕಿವಿಹರುಕಿ ಬಂತು. ಹನ್ನೆರಡು ಹೆಜ್ಜೆಗೆ ನಿಂತು ಮೂಗು ಎತ್ತಿ ವಾಸನೆ ಹಿಡಿಯಿತು. ಮರಿ ಅದರ ಹೊಟ್ಟೆಯಡಿಯಿಂದ ಇಣುಕಿತು. ಇವಳು ಅವನ್ನೇ ನೋಡುತ್ತಾ ಕೂತಳು. ಸೌಟು ತೊಡೆಯ ಮೇಲೇ ಇತ್ತು. ಇವಳಿಂದಲೂ ಆಗುವುದಿಲ್ಲ ಅಂದುಕೊಂಡೆ.

ಆಮೇಲೆ ಎದ್ದಳು. "ಹೋಗು!" ಅಂದಳು ಮೆಲ್ಲಗೆ. "ಹೋಗೇ!" ತಟ್ಟೆಗೆ ಒಂದು ಹೊಡೆತ. "ಹೋಗು ಅಂದ್ರೆ! ಯಾಕೆ ನಿಂತಿದೀಯಾ? ಹೋಗೇ! ಮರಿ ಕರ್ಕೊಂಡು ಹೋಗೇ!" ಬಡಿಯುತ್ತಾ ಬಡಿಯುತ್ತಾ ಓಡಿದಳು. ಜಿಂಕೆಗಳು ಮರಗಳ ಸಂದಿಗೆ ಹೋದ ಮೇಲೂ ಅವಳು ನಿಲ್ಲಿಸಲಿಲ್ಲ. ಆಗ ಅವಳು ಕೂಗುತ್ತಿದ್ದದ್ದು ಮಾತಲ್ಲ. ಬರೀ ಕೂಗು. ಮಗಳನ್ನು ಮನೆಗೆ ತಂದ ದಿನವೂ ಈ ಹೆಂಗಸು ಉಸಿರೆತ್ತಿರಲಿಲ್ಲ.

ನಾನು ಹಿಂದೆ ಹೋಗಿ ಸೌಟು ಹಿಡಿದುಕೊಂಡೆ. ನಾನೂ ಕೂಗಿದೆ ಅಂತ ಕಾಣುತ್ತದೆ. ಈಗ ಗಂಟಲು ಉರಿಯುತ್ತಿದೆ.

ಹೆಜ್ಜೆ ಎಣಿಸಲಿಲ್ಲ.

ಮಾರ್ಚ್ 24, ಸೋಮವಾರ

ನಲವತ್ತೆಂಟು. ದಿನಾ ಇಬ್ಬರೂ ಹೋಗುತ್ತೇವೆ. ಕಾವಲುಗಾರ ಇವಳಿಗೆ ಕೈ ಮುಗಿದ, "ಅಮ್ಮಾ, ನಿಮ್ಮ ಕೂಗಿಗೆ ನಿನ್ನೆ ಗೇಟಿನ ಹತ್ರ ಇದ್ದ ನಾನೇ ಎರಡು ಹೆಜ್ಜೆ ಹಿಂದೆ ಹೋದೆ."

"ನೀವು ಮನೆಗೇ ಓಡಬೇಕು, ಅಲ್ಲೀ ತನಕ ಕೂಗ್ತೀನಿ" ಅಂದಳು ಇವಳು.

ಕಿವಿಹರುಕಿ ಓಡುವ ಮೊದಲು ಒಂದು ಕ್ಷಣ ತಿರುಗಿ ನೋಡುತ್ತದೆ. ಆ ಒಂದು ಕ್ಷಣ ಇನ್ನೂ ಉಳಿದಿದೆ. ಅದೇ ನನಗೆ ಭಯ.

ಮಾರ್ಚ್ 29, ಶನಿವಾರ

ಬೆಳಿಗ್ಗೆ ಗೇಟಿನ ಹತ್ತಿರ ಇದ್ದಾಗ ಗುಂಡಿನ ಸದ್ದು. ಒಂದೇ. ಹಳ್ಳದ ಕಡೆಯಿಂದ. ಕಾವಲುಗಾರ ನಮ್ಮನ್ನು ಒಳಗೆ ಬಿಡದೆ ಒಬ್ಬನೇ ಓಡಿದ. ಆಮೇಲೆ ಗಾಡಿಯ ಸದ್ದು ದೂರ ಹೋಯಿತು. ಮಧ್ಯಾಹ್ನದ ತನಕ ಮೆಟ್ಟಿಲ ಮೇಲೆ ಕೂತೆವು. ಅವನು ಬರಲಿಲ್ಲ. ಇವಳು ಜಾಕೆಟ್ಟಿನ ತೋಳಿನ ತುದಿಯನ್ನು ಮಡಿಸುವುದು, ಬಿಚ್ಚುವುದು, ಮಡಿಸುವುದು.

"ಉಪ್ಪು ಇಟ್ಟವನು ನಾನು" ಅಂದೆ.

"ಹೌದು" ಅಂದಳು. ತೋಳಿನ ತುದಿ ಬಿಟ್ಟು ನನ್ನ ಮಂಡಿಯ ಮೇಲೆ ಕೈ ಇಟ್ಟಳು.

ಮಾರ್ಚ್ 30, ಭಾನುವಾರ

ಕಾವಲುಗಾರ ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿದ. ಹಳ್ಳದ ಮರಳಿನಲ್ಲಿ ಬೂಟಿನ ಗುರುತು, ಒಂದು ಖಾಲಿ ತೋಟಾ. ಅಲ್ಲಿಂದ ಐವತ್ತಾರು ಹೆಜ್ಜೆಗೆ ಗೊರಸಿನ ಗುರುತು, ದೊಡ್ಡದು ಒಂದು ಜೊತೆ, ಚಿಕ್ಕದು ಒಂದು ಜೊತೆ. ನೆಟ್ಟಗೆ ಊರಿಲ್ಲ. ಮರಳು ಹಿಂದಕ್ಕೆ ಚಿಮ್ಮಿದೆ. ಮುಂದಿನ ಗುರುತು ಎರಡು ಮಾರು ದೂರದಲ್ಲಿ, ಅದರ ಮುಂದಿನದು ಇನ್ನೂ ದೂರ. ರಕ್ತ ಎಲ್ಲೂ ಇಲ್ಲ.

"ಹಾರಿದೆ" ಅಂದ ಕಾವಲುಗಾರ. "ಅವನು ಕೋವಿ ಎತ್ತೋ ಮೊದಲೇ ಹಾರಿದೆ."

ಇವಳು ಬಗ್ಗಿ ಚಿಕ್ಕ ಗುರುತಿನ ಮೇಲೆ ಬೆರಳಿಟ್ಟು ನೋಡಿದಳು. ಹಳ್ಳದ ನೀರಲ್ಲಿ ಮುಖ ತೊಳೆದಳು.

ಏಪ್ರಿಲ್ 6, ಭಾನುವಾರ

ಇವತ್ತು ತಟ್ಟೆ ಹೊರಗೆ ತೆಗೆಯಬೇಕಾಗಲಿಲ್ಲ. ನಾವು ಮರದ ಹತ್ತಿರ ಹೋಗುವ ಮೊದಲೇ ಬಯಲಿನ ಆ ತುದಿಯಲ್ಲಿ ಒಂದು ತಲೆ ಎದ್ದಿತು. ನಾನು ಕ್ಯಾಮೆರಾ ಎತ್ತಿದೆ. ಉಸಿರು ಬಿಟ್ಟು ಒತ್ತುವಷ್ಟರಲ್ಲಿ ಏನೂ ಇರಲಿಲ್ಲ. ಅದು ತಿರುಗಿ ನೋಡಲಿಲ್ಲ.

ಬಯಲು ದಾಟಿ ಎಣಿಸಿದೆ. ನನ್ನ ಹೆಜ್ಜೆಯಲ್ಲಿ ನೂರ ಮೂವತ್ತು. ಇವಳೂ ಪಕ್ಕದಲ್ಲಿ ಎಣಿಸುತ್ತಾ ಬಂದಳು. ಅವಳದ್ದು ನೂರ ಎಂಟು.

ಕಾವಲುಗಾರನಿಗೆ ಹೇಳಿ ಬಂದೆವು, ಇನ್ನು ಬರುವುದಿಲ್ಲ ಅಂತ. ಅವನು ತಲೆಯಾಡಿಸಿ ಗೇಟು ಹಾಕಿಕೊಂಡ.

ಸ್ಟುಡಿಯೋದವನಿಗೆ ಇವತ್ತಿನ ಫೋಟೋ ಪ್ರಿಂಟ್ ಹಾಕಲು ಕೊಟ್ಟೆ.

"ಅಣ್ಣಾ, ಇದರಲ್ಲಿ ಹೆಬ್ಬೆರಳೂ ಇಲ್ಲ. ಬರೀ ಹುಲ್ಲು."

"ಅದನ್ನೇ ಹಾಕು. ದೊಡ್ಡದು."

"ಹತ್ತಿರದಿಂದ ತೆಗೆದದ್ದು ಇದೆಯಲ್ಲ, ಆ ಕಿವಿದು? ಅದು ಬಂಗಾರದಂಥ ಫೋಟೋ."

"ಅದು ಬೇಡ" ಅಂದೆ.

ಮನೆಗೆ ಬಂದು ಮಗಳ ನೋಟ್‌ಬುಕ್ ತೆಗೆದು, ಅವಳ ಎಪ್ಪತ್ತರ ಮುಂದಿನ ಹಾಳೆಯಲ್ಲಿ ತಾರೀಕು ಹಾಕಿದೆ. ಗೆರೆ ಎಳೆದು ಬಲಗಡೆ 108 ಬರೆದೆ. ಇವಳ ಹೆಜ್ಜೆ ಮಗಳ ಹೆಜ್ಜೆಗೆ ಹತ್ತಿರ. ಪೆನ್ಸಿಲ್ ಇವಳಿಗೆ ಕೊಟ್ಟೆ. ಇವಳು ನನ್ನ ಮಷೀನಿನ ಮೇಲೇ ಪುಸ್ತಕ ಇಟ್ಟುಕೊಂಡು ಎಡಗಡೆ ಒಂದು ಸಾಲು ಬರೆದು ನನ್ನ ಕಡೆ ತಿರುಗಿಸಿದಳು. ಇವಳೂ ಅಕ್ಷರದ ಬಾಲ ಸುತ್ತಿಯೇ ಬರೆಯುತ್ತಾಳೆ. ಮಗಳಿಗೆ ಕಲಿಸಿದ್ದು ಇವಳೇ ಅಲ್ಲವೇ.

ಕನ್ನಡಕ ಹಾಕಿಕೊಂಡು ಓದಿದೆ.

"ಕಂಡ ಕೂಡಲೇ ಓಡಿತು. ಮರಿ ಮುಂದೆ, ತಾಯಿ ಹಿಂದೆ."